ನಿಮ್ಹಾನ್ಸ್ ನರಶಸ್ತ್ರಚಿಕಿತ್ಸಾ ವಿಭಾಗ
ಮಿದುಳು, ಬೆನ್ನುಹುರಿ ಮತ್ತು ನರಗಳ ಶಸ್ತ್ರಚಿಕಿತ್ಸೆ ಹಾಗೂ ಅದರ ಸಂಶೋಧನೆಗೆ ಮೀಸಲಾದ ಬೆಂಗಳೂರಿನ ವೈದ್ಯಕೀಯ ವಿಭಾಗ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮಾ ಇದನ್ನು 1958ರಲ್ಲಿ ಆರಂಭಿಸಿದರು. 1974ರಲ್ಲಿ ಆ ಸಂಸ್ಥೆ ನಗರದ ಮಾನಸಿಕ ಆಸ್ಪತ್ರೆಯೊಡನೆ ಸೇರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಆದಾಗ ಅವರೇ ಮೊದಲ ನಿರ್ದೇಶಕರಾದರು. ಪಾರ್ಕಿನ್ಸನ್ ರೋಗದ ನಡುಕ ತಗ್ಗಿಸಲು, ಬುರುಡೆ ಕೊರೆಯದೆ ಅದರ ತಳದ ಸಹಜ ರಂಧ್ರದ ಮೂಲಕ ಸೂಜಿ ಹಾಯಿಸಿ ಮಿದುಳಿನ ಆಳ ತಲುಪುವ ವರ್ಮಾ ವಿಧಾನ ಈ ವಿಭಾಗದ ಆದ್ಯ ಕೊಡುಗೆಗಳಲ್ಲಿ ಪ್ರಮುಖವಾದುದು. ಬೆನ್ನುಹುರಿಯ ಗೆಡ್ಡೆ, ಬೆನ್ನೆಲುಬಿನ ಕ್ಷಯ, ಕತ್ತು-ಬುರುಡೆ ಸಂಧಿಯ ವಿಕಾರಗಳಿಗೂ ಇಲ್ಲಿ ಚಿಕಿತ್ಸೆಯುಂಟು. ಬೆನ್ನಿನ ಶಸ್ತ್ರಚಿಕಿತ್ಸೆಯ ಫಲವನ್ನು ತಿಂಗಳುಗಳ ನಂತರದ ನಡಿಗೆ, ನೋವು, ಮೂತ್ರದ ಹಿಡಿತಗಳಿಂದ ಅಳೆಯುವುದರಿಂದ ಮರುಭೇಟಿ ಅನಿವಾರ್ಯ; ಆದರೆ 500 ಕಿ.ಮೀ.ಗೂ ದೂರದ, ಬೆಳಗಾವಿ ಜಿಲ್ಲೆಯ ಸಂಕೇಶ್ವರ, ಹುಕ್ಕೇರಿ ಸೀಮೆಯ ರೋಗಿಗಳಿಗೆ ಅದು ಸುಲಭವಲ್ಲ.