ಉದ್ಯೋಗಾಧಾರಿತ ಆನ್‌ಲೈನ್ ಪದವಿ: ದಾವಣಗೆರೆ ಸೀಮೆಯ ಚರಿತ್ರೆ

ವಿಶ್ವವಿದ್ಯಾಲಯವೂ ಉದ್ಯಮವೂ ಸೇರಿ ಪಠ್ಯ ರೂಪಿಸಿ, ದುಡಿಯುವ ಜಾಗದ ಕಲಿಕೆಯನ್ನು ಪದವಿಯ ಲೆಕ್ಕಕ್ಕೆ ಹಿಡಿದು, ಪಾಠವನ್ನು ಅಂತರಜಾಲದಲ್ಲಿ ನಡೆಸುವ ಶಿಕ್ಷಣ ಕ್ರಮವಿದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಇದು ಇಡಿಯಾಗಿ ಬರಲಿಲ್ಲ. ಮನೆಯಲ್ಲೇ ಓದುವ ಅವಕಾಶ ಮೊದಲು ಬಂತು, ಆನ್‌ಲೈನ್ ಪಾಠ ಬಹಳ ತಡವಾಗಿ ಬಂತು. ಉದ್ಯಮದ ಸಹಭಾಗಿತ್ವವಂತೂ ಬಹುಪಾಲು ಬೆಂಗಳೂರಿನಲ್ಲೇ ಉಳಿಯಿತು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟದ್ದು ಆಮೇಲೆ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಇದ್ದವು. ಪಿಯುಸಿ ಮುಗಿಸಿ ತೋಟಕ್ಕೋ ಅಂಗಡಿಗೋ ನಿಂತವರಿಗೆ ಕಾಲೇಜು ಎಂಬುದು ಬಸ್ಸಿನ ವೇಳೆಗೂ ಮನೆಯ ಖರ್ಚಿಗೂ ಕಟ್ಟಿಬಿದ್ದ ಮಾತಾಗಿತ್ತು. ಅಂಥವರಿಗೆ ಮೊದಲ ದಾರಿ ತೋರಿಸಿದ್ದು ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ. ಅದರ ಬುನಾದಿಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ನಿಂತಿತು. ದಾವಣಗೆರೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಗಿ, ಜಿಲ್ಲೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

ಉದ್ಯಮದ ಎಳೆ ಬೇರೆ ಕಡೆಯಿಂದ ಬಂತು. ಪಿಲಾನಿಯ ಬಿಟ್ಸ್ ಸಂಸ್ಥೆ 1979ರಲ್ಲೇ ಉದ್ಯೋಗಸ್ಥರಿಗೆ ಪದವಿ ಕೊಡುವ ಕ್ರಮ ಆರಂಭಿಸಿತ್ತು. 1995ರಲ್ಲಿ ಅದರ ಜೊತೆ ಸೇರಿ ವಿಪ್ರೊ ತನ್ನ ಅಕಾಡೆಮಿ ತೆರೆಯಿತು. ಬಿಎಸ್‌ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಡುತ್ತಲೇ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಎಂಎಸ್ ಪದವಿ ಓದಿಸುವ ಈ ಯೋಜನೆ, ಎಂಜಿನಿಯರಿಂಗ್ ಸೀಟಿನ ಖರ್ಚು ಹೊರಲಾರದ ಮನೆಗಳ ಮಕ್ಕಳಿಗೆ ದೊಡ್ಡ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿದ್ದದ್ದು ಊರು ಬಿಟ್ಟು ಹೋಗಬಲ್ಲವರಿಗೆ.

ಸಹಭಾಗಿತ್ವ ಹದ ತಪ್ಪಿದರೆ ಏನಾಗುತ್ತದೆಂದು ರಾಜ್ಯ ಕಂಡದ್ದು 2015ರಲ್ಲಿ. ಖಾಸಗಿ ಸಂಸ್ಥೆಗಳೊಂದಿಗಿನ ಒಪ್ಪಂದ, ವ್ಯಾಪ್ತಿ ಮೀರಿದ ಕೋರ್ಸುಗಳ ಕಾರಣಕ್ಕೆ 2013-14ರಿಂದ ಮುಕ್ತ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳ ಪೆಟ್ಟು ಬಿದ್ದದ್ದು ಒಪ್ಪಂದಕ್ಕೆ ಸಹಿ ಹಾಕಿದವರಿಗಿಂತ ಹೆಚ್ಚಾಗಿ, ಅಂಕಪಟ್ಟಿ ಹಿಡಿದು ನೇಮಕಾತಿ ಕಚೇರಿಗಳಿಗೆ ಅಲೆದ ವಿದ್ಯಾರ್ಥಿಗಳಿಗೆ. ಈ ಕ್ಷೇತ್ರದ ಯಾವ ಹೊಸ ಯೋಜನೆಯನ್ನೂ ಈ ಘಟನೆಯನ್ನು ಮುಂದಿಟ್ಟುಕೊಂಡೇ ತೂಗಬೇಕು.

ಮುಕ್ತ ಮತ್ತು ಆನ್‌ಲೈನ್ ಶಿಕ್ಷಣದ ಯುಜಿಸಿ ನಿಯಮಾವಳಿ 2020ರ ಸೆಪ್ಟೆಂಬರ್‌ನಲ್ಲಿ ಬಂತು. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯ (ನ್ಯಾಕ್) ಮೌಲ್ಯಮಾಪನದಲ್ಲಿ 3.26 ಅಥವಾ ಹೆಚ್ಚು ಅಂಕ ಪಡೆದ ವಿಶ್ವವಿದ್ಯಾಲಯಗಳು ಪೂರ್ವಾನುಮತಿ ಇಲ್ಲದೆ ಆನ್‌ಲೈನ್ ಪದವಿ ಆರಂಭಿಸಬಹುದಾಯಿತು. ಗುಣಮಟ್ಟ ಕಾಯಲು ಇಂಥ ಮಿತಿ ಬೇಕು, ನಿಜ. ಆದರೆ ಇದರಿಂದ ಹಳೆಯ, ದೊಡ್ಡ ಸಂಸ್ಥೆಗಳಿಗೆ ಸಿಕ್ಕ ಅನುಕೂಲ ಜಿಲ್ಲಾ ಮಟ್ಟದ ಹೊಸ ವಿಶ್ವವಿದ್ಯಾಲಯಗಳಿಗೆ ಸುಲಭವಾಗಿ ಸಿಗಲಿಲ್ಲ. ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿತು.

ಇನ್ನು ದುಡಿಯುವ ಜಾಗದ ಕಲಿಕೆಗೆ ಆಧಾರವಾದ ಅಪ್ರೆಂಟಿಸ್ ಕಾಯ್ದೆ 1961ರದು. ಎಂಜಿನಿಯರಿಂಗ್ ಓದದ ಪದವೀಧರರಿಗೂ ಅದರಲ್ಲಿ ಜಾಗ ಸಿಕ್ಕಿದ್ದು 2014ರ ತಿದ್ದುಪಡಿಯಿಂದ. ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗೆ ಯುಜಿಸಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಪರಿಷ್ಕರಣೆಯ ಪ್ರಕಾರ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್ ಕೆಲಸದ ಜಾಗದಲ್ಲೇ ಕಳೆಯಬಹುದು, ಶಿಷ್ಯವೇತನವೂ ಉಂಟು. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಮಾದರಿ ಜಾರಿಗೆ ಬಂದಿದೆ.

ಉದ್ಯಮವೆಂದರೆ ಕಾರ್ಖಾನೆ ಇಲ್ಲವೇ ಸಾಫ್ಟ್‌ವೇರ್ ಕಂಪನಿ ಎಂಬ ಎಣಿಕೆಯೇ ಈ ತಾಲ್ಲೂಕುಗಳನ್ನು ಹಿಂದೆ ತಳ್ಳಿದೆ. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇದೆ. ಹೊನ್ನಾಳಿ ಕಡೆ ಅಕ್ಕಿ ಗಿರಣಿಗಳಿವೆ, ಜಗಳೂರಿನಲ್ಲಿ ಮೆಕ್ಕೆಜೋಳದ ವಹಿವಾಟಿದೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೆ ಬಂದರೆ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಣೆಯಾಗುತ್ತದೆ. ಲಾಟಿಗೆ ನಂಬರು ಬೀಳುತ್ತದೆ, ವರ್ತಕರು ಮಾದರಿ ನೋಡಿ ದರ ಬರೆಯುತ್ತಾರೆ, ತೂಕವಾಗಿ ರೈತನಿಗೆ ಪಟ್ಟಿ ಸಿಗುತ್ತದೆ. 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಸ್ಥಾಪನೆಯಾದ ಮೇಲೆ ರಾಜ್ಯದ ಎಪಿಎಂಸಿಗಳಲ್ಲಿ ಇ-ಟೆಂಡರ್ ಹರಡಿ, ಈ ಕೆಲಸಕ್ಕೆ ಕಂಪ್ಯೂಟರ್ ಕೂಡಿಕೊಂಡಿತು. ಲಾಟಿನ ವಿವರ ತುಂಬಿ, ಕಮಿಷನ್, ಸೆಸ್, ಜಿಎಸ್‌ಟಿ ಲೆಕ್ಕ ಮಾಡುವ ಹುಡುಗಿ ಬಿಕಾಂ ಪಠ್ಯದ ಅರ್ಧವನ್ನು ಕೈಯಾರೆ ಮಾಡುತ್ತಿರುತ್ತಾಳೆ.

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಎಂದು ಎಣಿಸುತ್ತದೆ. ಅಡಿಕೆ ಸುಗ್ಗಿಯಲ್ಲಿ ದಿನಕ್ಕೆ 5 ಗಂಟೆಯಂತೆ 120 ದಿನ ದುಡಿದರೆ 600 ಗಂಟೆ, ಅಂದರೆ 20 ಕ್ರೆಡಿಟ್, ಒಂದು ಸೆಮಿಸ್ಟರಿನ ಲೆಕ್ಕ. ಅದು ಅಂಕಪಟ್ಟಿಗೆ ಏರಬೇಕಾದರೆ ಸಂಘವೋ ಗಿರಣಿಯೋ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿ, ಕಾಲೇಜು ಮತ್ತು ವಿದ್ಯಾರ್ಥಿಯೊಂದಿಗೆ ಕರಾರು ಮಾಡಿಕೊಳ್ಳಬೇಕು. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಅದು ಮಾಲೀಕರ ಇಚ್ಛೆ. 2019ರ ನಿಯಮ ತಿದ್ದುಪಡಿ ಕೊಟ್ಟ ಈ ಅವಕಾಶದೊಳಗೆ ಹೊನ್ನಾಳಿಯ ಸಣ್ಣ ಗಿರಣಿಯೂ ಬರುತ್ತದೆ, ನ್ಯಾಮತಿಯ ಮಂಡಿಯೂ ಬರುತ್ತದೆ.