ಕಡಲು ಯಾರ ಸೊತ್ತೂ ಅಲ್ಲವೆಂದು ವಾದಿಸಿದ ವಕೀಲ

1603ರ ಫೆಬ್ರವರಿ 25ರ ಬೆಳಿಗ್ಗೆ ಇಂದಿನ ಸಿಂಗಪುರದ ಪೂರ್ವಕ್ಕೆ, ಜೋಹೋರ್ ನದಿ ಕಡಲು ಸೇರುವ ಜಾಗದ ಹತ್ತಿರ, ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗು ಲಂಗರು ಹಾಕಿ ನಿಂತಿತ್ತು. ಮಕಾವಿನಿಂದ ಮಲಕ್ಕಾ ಕಡೆಗೆ ಹೊರಟಿದ್ದ ಆ ಹಡಗಿನ ಹೊಟ್ಟೆಯಲ್ಲಿ ಚೀನಾದ ರೇಷ್ಮೆ, ಪಿಂಗಾಣಿ, ಕಸ್ತೂರಿ ತುಂಬಿದ್ದವು. ಜೋಹೋರ್ ಅರಸನ ನೆರವಿನೊಂದಿಗೆ ಹೊಂಚು ಹಾಕಿದ್ದ ಡಚ್ ನೌಕಾಧಿಕಾರಿ ಯಾಕೋಬ್ ವಾನ್ ಹೀಮ್ಸ್‌ಕೆರ್ಕ್ ದಿನವಿಡೀ ಗುಂಡು ಹಾರಿಸಿ ಅದನ್ನು ಶರಣಾಗಿಸಿದ. ಆ ಸರಕು ಆಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ 30 ಲಕ್ಷ ಗಿಲ್ಡರಿಗೂ ಹೆಚ್ಚು ಬೆಲೆಗೆ ಹೋಯಿತು.

ಇದು ಯುದ್ಧವೋ, ದರೋಡೆಯೋ? ಹೀಮ್ಸ್‌ಕೆರ್ಕ್‌ಗೆ ಕೊಟ್ಟಿದ್ದ ಆಜ್ಞಾಪತ್ರದ ಪ್ರಕಾರ ಆತ ಬಲ ಬಳಸಬಹುದಾಗಿದ್ದುದು ಆತ್ಮರಕ್ಷಣೆಗೆ ಮತ್ತು ಆದ ನಷ್ಟದ ಪರಿಹಾರಕ್ಕೆ ಮಾತ್ರ. 1604ರ ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ನೌಕಾ ನ್ಯಾಯಾಲಯ ಈ ವಶಪಡಿಕೆ ನ್ಯಾಯಬದ್ಧವೆಂದು ತೀರ್ಪು ಕೊಟ್ಟಿತು. ಆದರೂ ಗೊಂದಲ ಅಡಗಲಿಲ್ಲ. ರಕ್ತ ಹರಿಸಿ ಬಂದ ಲಾಭ ನಮಗೆ ಬೇಡವೆಂದ ಷೇರುದಾರರೂ ಇದ್ದರು. ಆಗಷ್ಟೇ ಹುಟ್ಟಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ತೀರ್ಪಿಗಿಂತ ಗಟ್ಟಿಯಾದ ವಾದ ಬೇಕಾಯಿತು. ಅದನ್ನು ಬರೆದುಕೊಡುವ ಕೆಲಸ ಬಿದ್ದದ್ದು ಹ್ಯೂಗೋ ಗ್ರೋಶಿಯಸ್ ಎಂಬ ಇಪ್ಪತ್ತೊಂದರ ವಕೀಲನ ಮೇಲೆ.

ಗ್ರೋಶಿಯಸ್ ಬರೆದದ್ದು ದೊಡ್ಡ ಹಸ್ತಪ್ರತಿ. ಅದರಲ್ಲಿ ಒಂದೇ ಒಂದು ಅಧ್ಯಾಯ, ಹನ್ನೆರಡನೆಯದು, 1609ರಲ್ಲಿ ಲೇಖಕನ ಹೆಸರಿಲ್ಲದೆ ‘ಮಾರೆ ಲಿಬೆರುಮ್’, ಅಂದರೆ ‘ಮುಕ್ತ ಕಡಲು’ ಎಂಬ ಪುಟ್ಟ ಪುಸ್ತಕವಾಗಿ ಹೊರಬಂತು. ಉಳಿದ ಭಾಗ ಮನೆತನದ ಕಾಗದಪತ್ರಗಳ ನಡುವೆ ಮಲಗಿತ್ತು. 1864ರ ಒಂದು ಹರಾಜಿನಲ್ಲಿ ಅದು ಬೆಳಕಿಗೆ ಬರುವವರೆಗೂ ಕಡಲ ಸ್ವಾತಂತ್ರ್ಯದ ಈ ಪ್ರಸಿದ್ಧ ಗ್ರಂಥ ಒಂದು ಹಡಗಿನ ಲೂಟಿಯನ್ನು ಸಮರ್ಥಿಸಿಕೊಳ್ಳುವ ವಾದಪತ್ರದ ತುಣುಕೆಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಪುಸ್ತಕದ ವಾದ ಸರಳ. ನೆಲಕ್ಕೆ ಬೇಲಿ ಹಾಕಬಹುದು, ನೀರಿಗೆ ಆಗದು. ಒಂದು ಹಡಗು ಹಾದುಹೋದರೆ ಇನ್ನೊಂದಕ್ಕೆ ದಾರಿ ಸವೆಯುವುದಿಲ್ಲ. ಹೀಗಾಗಿ ಗಾಳಿಯಂತೆ ಕಡಲೂ ಎಲ್ಲರದು. ಪೋಪ್ ಭೂಮಂಡಲವನ್ನು ಸ್ಪೇನ್ ಮತ್ತು ಪೋರ್ಚುಗಲ್‌ಗೆ ಹಂಚಿಕೊಟ್ಟರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಅದು ಅವರ ಸ್ವತ್ತಲ್ಲ. ಪೂರ್ವದ ನಾಡುಗಳನ್ನು ಪೋರ್ಚುಗೀಸರು ‘ಕಂಡುಹಿಡಿದರು’ ಎಂಬ ಮಾತೂ ನಿಲ್ಲದು. ಅಲ್ಲಿನ ಜನರಿಗೆ ಮೊದಲಿನಿಂದಲೂ ತಮ್ಮದೇ ಅರಸರು, ತಮ್ಮದೇ ಕಾನೂನುಗಳು ಇದ್ದವು. ಆ ಕಾಲದ ಯುರೋಪಿನ ಲೇಖನಿಯಿಂದ ಬಂದ ಈ ಕೊನೆಯ ಮಾತು ಸಣ್ಣದಲ್ಲ.

ಗ್ರೋಶಿಯಸ್ ಯಾವುದರ ವಿರುದ್ಧ ವಾದಿಸುತ್ತಿದ್ದ ಎಂಬುದು ನಮ್ಮ ಕರಾವಳಿಯಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರಿನಿಂದ ಅಕ್ಕಿ ಪಶ್ಚಿಮದ ಬಂದರುಗಳಿಗೆ ಹೋಗುತ್ತಿತ್ತು. ಆ ಕಡೆಯಿಂದ ಕುದುರೆಗಳು ಬಂದು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಹದಿನಾರನೆಯ ಶತಮಾನದ ಮೊದಲ ವರ್ಷಗಳಿಂದಲೇ ಪೋರ್ಚುಗೀಸರು ಈ ವ್ಯಾಪಾರದ ಹಡಗುಗಳಿಗೆ ‘ಕಾರ್ತಾಜ್’ ಎಂಬ ರಹದಾರಿ ಚೀಟಿಯನ್ನು ಕಡ್ಡಾಯ ಮಾಡಿದರು. ಏನು ಹೇರಬೇಕು, ಏನು ಹೇರಬಾರದು, ಯಾವ ಕೋಟೆಯಲ್ಲಿ ಸುಂಕ ಕಟ್ಟಬೇಕು ಎಂಬುದನ್ನು ಆ ಚೀಟಿ ನಿರ್ಧರಿಸುತ್ತಿತ್ತು. ಚೀಟಿಯಿಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ಅಕ್ಬರನಂಥ ಬಾದಶಹನ ಹಡಗುಗಳೂ ಮಕ್ಕಾ ಯಾತ್ರಿಕರನ್ನು ಹೊತ್ತು ಹೊರಡುವಾಗ ಈ ಚೀಟಿ ಪಡೆಯಬೇಕಾಗಿತ್ತು. 1568-69ರ ಹೊತ್ತಿಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ನಿಂತವು. ಉಳ್ಳಾಲದ ಅಬ್ಬಕ್ಕನ ಹೆಸರು ಇಂದಿಗೂ ಕರಾವಳಿಯ ಬಾಯಲ್ಲಿ ಉಳಿದಿರುವುದು ಈ ಒತ್ತಡಕ್ಕೆ ತಲೆಬಾಗದ ನೆನಪಾಗಿ.

ಈ ಏರ್ಪಾಡಿಗೂ ಕಾನೂನಿನ ಅಂಗಿ ತೊಡಿಸಲಾಗಿತ್ತು. ಕಡಲು ಎಲ್ಲರದೆಂಬ ನಿಯಮ ಕ್ರೈಸ್ತ ಯುರೋಪಿಗೆ ಸಲ್ಲುತ್ತದೆ, ಆ ಧರ್ಮದ ಹೊರಗಿರುವ ಮುಸ್ಲಿಮರಿಗೂ ಹಿಂದೂಗಳಿಗೂ ಸಲ್ಲದು ಎಂದು ಪೋರ್ಚುಗೀಸ್ ಚರಿತ್ರೆಕಾರ ಜುವಾಂವ್ ದೆ ಬಾರೋಸ್ ವಿವರಿಸಿದ್ದ. ಇದರ ಪಕ್ಕದಲ್ಲಿಟ್ಟು ಓದಿದಾಗ ಗ್ರೋಶಿಯಸ್‌ನ ಪುಸ್ತಕ ಬಿಡುಗಡೆಯ ದನಿಯಂತೆ ಕೇಳಿಸುತ್ತದೆ.

ಆದರೆ ಮುಂದಿನ ಕಥೆ ಬೇರೆ. 1613ರಲ್ಲಿ ಗ್ರೋಶಿಯಸ್ ಡಚ್ ನಿಯೋಗದ ಸದಸ್ಯನಾಗಿ ಲಂಡನ್ನಿಗೆ ಹೋದ. ಸಾಂಬಾರ ದ್ವೀಪಗಳಲ್ಲಿ ತಮಗೂ ವ್ಯಾಪಾರಕ್ಕೆ ಅವಕಾಶ ಬೇಕೆಂದು ಇಂಗ್ಲಿಷರು ಕೇಳಿದರು. ಅವರು ಆಧಾರವಾಗಿ ಮುಂದಿಟ್ಟದ್ದು ‘ಮಾರೆ ಲಿಬೆರುಮ್’! ಅದರ ಕರ್ತೃವೇ ಎದುರಿಗೆ ಕೂತು, ದ್ವೀಪದವರೊಂದಿಗೆ ತಾವು ಒಪ್ಪಂದ ಮಾಡಿಕೊಂಡಿದ್ದೇವೆ, ಅವರ ಬೆಳೆಯನ್ನು ಕೊಳ್ಳುವ ಹಕ್ಕು ತಮಗೆ ಮಾತ್ರ, ಒಪ್ಪಂದವಾದ ಮೇಲೆ ಸ್ವಾತಂತ್ರ್ಯದ ಮಾತು ನಿಲ್ಲದು ಎಂದು ವಾದಿಸಿದ. ಆ ‘ಒಪ್ಪಂದ’ಗಳನ್ನು ಮುರಿದರೆಂಬ ಕಾರಣ ಹೇಳಿ 1621ರಲ್ಲಿ ಯಾನ್ ಪೀಟರ್ಸ್‌ಜೋನ್ ಕೂನ್ ಜಾಯಿಕಾಯಿ ಬೆಳೆಯುವ ಬಂಡಾ ದ್ವೀಪಗಳ ಜನರನ್ನು ಕೊಂದು, ಹಸಿವಿಗೆ ದೂಡಿ, ಗುಲಾಮರನ್ನಾಗಿಸಿ, ದ್ವೀಪಗಳನ್ನೇ ಬರಿದು ಮಾಡಿದ. ಇದಕ್ಕೆ ಮುಂಚೆ, 1615ರ ಸುಮಾರಿಗೆ, ಮಕಾಸ್ಸರದ ಸುಲ್ತಾನ ಅಲಾವುದ್ದೀನನಿಗೆ ಡಚ್ಚರು ಆ ಕಡಲಲ್ಲಿ ವ್ಯಾಪಾರ ಮಾಡಬೇಡವೆಂದು ತಾಕೀತು ಮಾಡಿದ್ದರು. ದೇವರು ನೆಲವನ್ನು ಮನುಷ್ಯರಿಗೆ ಹಂಚಿಕೊಟ್ಟ, ಕಡಲನ್ನು ಎಲ್ಲರಿಗೂ ಸೇರಿಸಿ ಕೊಟ್ಟ ಎಂಬ ಅರ್ಥದ ಉತ್ತರವನ್ನು ಆತ ಕಳಿಸಿದ. ಗ್ರೋಶಿಯಸ್‌ನ ವಾದವನ್ನೇ ಗ್ರೋಶಿಯಸ್‌ನ ಕಂಪನಿಗೆ ತಿರುಗಿಸಿ ಹೇಳಿದಂತಿತ್ತು ಅದು.

ಈ ಹೋಲಿಕೆ ಕಾಕತಾಳೀಯವೇ? ಪೋಲಿಷ್ ಮೂಲದ ಕಾನೂನು ಪಂಡಿತ ಸಿ. ಎಚ್. ಅಲೆಕ್ಸಾಂಡ್ರೋವಿಚ್ 1950ರ ದಶಕದಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹಿಂದೂ ಮಹಾಸಾಗರದ ಬಂದರುಗಳಲ್ಲಿ ಯಾವ ದೇಶದ ವ್ಯಾಪಾರಿಯೂ ಬಂದು ಹೋಗಬಹುದಾದ ರೂಢಿ ಬಹುಕಾಲದಿಂದ ಇತ್ತು, ಗ್ರೋಶಿಯಸ್‌ನ ಕಣ್ಣೆದುರು ಅದೇ ನಮೂನೆ ಇತ್ತು ಎಂಬುದು ಅವರ ವಾದ. ನಂತರ ಆರ್. ಪಿ. ಆನಂದ್ ಇದನ್ನು ಇನ್ನಷ್ಟು ಬೆಳೆಸಿದರು. ಗ್ರೋಶಿಯಸ್ ಏಷ್ಯಾದಿಂದ ನೇರವಾಗಿ ಪಡೆದನೆಂಬುದಕ್ಕೆ ಆಧಾರ ತೆಳು ಎಂಬ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ನಮ್ಮ ಕಡಲು ಬರೀ ಶಾಂತಿಯ ಕಡಲೂ ಆಗಿರಲಿಲ್ಲ. 1025ರಲ್ಲಿ ರಾಜೇಂದ್ರ ಚೋಳನ ಹಡಗುಗಳು ಶ್ರೀವಿಜಯದ ಮೇಲೆ ದಾಳಿ ಮಾಡಿದ್ದವು. ಆದರೂ ಅಲೆಕ್ಸಾಂಡ್ರೋವಿಚ್ ಒಂದು ಮಾತನ್ನು ಸ್ಥಾಪಿಸಿದರು: ಯುರೋಪಿನ ವಕೀಲರು ಬರುವ ಮೊದಲು ಈ ಕಡಲು ನಿಯಮಗಳಿಲ್ಲದೆ ಖಾಲಿ ಬಿದ್ದಿರಲಿಲ್ಲ.

ಗ್ರೋಶಿಯಸ್‌ಗೆ ಬಂದ ಉತ್ತರಗಳಲ್ಲಿ ಜಾನ್ ಸೆಲ್ಡೆನ್ 1635ರಲ್ಲಿ ಪ್ರಕಟಿಸಿದ ‘ಮಾರೆ ಕ್ಲೌಸುಮ್’, ಅಂದರೆ ‘ಮುಚ್ಚಿದ ಕಡಲು’, ಹೆಚ್ಚು ಹೆಸರಾದದ್ದು. ನನಗೆ ಅದಕ್ಕಿಂತ ಮುಖ್ಯವೆನಿಸುವುದು 1613ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವೆಲ್‌ವುಡ್ ಎತ್ತಿದ ತಕರಾರು. ಹಡಗು ಹೋದರೆ ಕಡಲು ಸವೆಯದು ನಿಜ, ಆದರೆ ಪರದೇಶದ ದೋಣಿಗಳು ಬಂದು ಬಲೆ ಬೀಸಿ ನಮ್ಮ ದಂಡೆಯ ಮೀನು ಕಡಿಮೆಯಾಗಿದೆಯಲ್ಲ ಎಂದು ಆತ ಕೇಳಿದ. ಸ್ವತಃ ಗ್ರೋಶಿಯಸ್ ಕೂಡ ಮೀನು ಮುಗಿದುಹೋಗಬಹುದೆಂಬ ಸಾಧ್ಯತೆಯನ್ನು ಒಂದು ವಾಕ್ಯದಲ್ಲಿ ಮುಟ್ಟಿ ಮುಂದೆ ಸಾಗಿದ್ದ. ಆ ಒಂದು ವಾಕ್ಯದಲ್ಲಿ ಬಿಟ್ಟುಹೋದದ್ದೇ ಇಂದಿನ ಸಮುದ್ರ ಕಾನೂನಿನ ತಿರುಳು.

ಮೂರು ಶತಮಾನ ಕಾಲ ಮುಕ್ತ ಕಡಲಿನ ತತ್ವವೇ ಗೆದ್ದಿತು. ದೊಡ್ಡ ನೌಕಾಪಡೆಯಿದ್ದವರಿಗೆ ಅದು ಅನುಕೂಲವಾಗಿತ್ತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ದಂಡೆಯಾಚೆಯ ಭೂಖಂಡದ ಅಂಚಿನಲ್ಲಿರುವ ಸಂಪತ್ತು ತಮ್ಮದೆಂದು ಘೋಷಿಸಿದರು. ಬಾಗಿಲು ತೆರೆಯಿತು. 1947ರಲ್ಲಿ ಚಿಲಿ, ಪೆರು ದೇಶಗಳು 200 ಮೈಲಿ ಕಡಲು ತಮ್ಮದೆಂದವು. 1967ರ ನವೆಂಬರ್ 1ರಂದು ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೋ ವಿಶ್ವಸಂಸ್ಥೆಯಲ್ಲಿ ನಿಂತು, ದೇಶಗಳ ಎಲ್ಲೆಯಾಚೆಗಿನ ಕಡಲ ತಳವನ್ನು ಮನುಕುಲದ ಸಮಾನ ಆಸ್ತಿಯೆಂದು ಸಾರಬೇಕೆಂದರು. ಇಲ್ಲದಿದ್ದರೆ ಯಂತ್ರ ಇದ್ದವರು ಅದನ್ನು ಬಾಚಿಕೊಳ್ಳುತ್ತಾರೆ ಎಂಬ ಭಯ ಅವರದಾಗಿತ್ತು. ಈ ಎಳೆದಾಟಗಳೆಲ್ಲ ಸೇರಿ 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೋ ಬೇಯಲ್ಲಿ ಸಮುದ್ರ ಕಾನೂನು ಒಪ್ಪಂದಕ್ಕೆ ಸಹಿ ಬಿತ್ತು: 12 ನಾಟಿಕಲ್ ಮೈಲಿವರೆಗೆ ದೇಶದ ಕಡಲು, 200ರವರೆಗೆ ಅದರ ಆರ್ಥಿಕ ವಲಯ, ಅದರಾಚೆ ಮುಕ್ತ ಕಡಲು, ದೇಶಗಳ ಎಲ್ಲೆ ಮೀರಿದ ತಳ ಎಲ್ಲರದು. ಗ್ರೋಶಿಯಸ್, ಸೆಲ್ಡೆನ್, ವೆಲ್‌ವುಡ್ ಮೂವರಿಗೂ ಪಾಲು ಸಿಕ್ಕಿತು.

ಉಳಿದದ್ದು ಮುಕ್ತ ಕಡಲಿನ ಜೀವರಾಶಿ. ಅದಕ್ಕಾಗಿ 2023ರ ಜೂನಿನಲ್ಲಿ ವಿಶ್ವಸಂಸ್ಥೆ ಇನ್ನೊಂದು ಒಪ್ಪಂದವನ್ನು ಅಂಗೀಕರಿಸಿತು. ಆಳದ ಜೀವಿಗಳ ಜೈವಿಕ ದ್ರವ್ಯದಿಂದ ಬರುವ ಲಾಭ ಯಾರದೆಂಬುದೇ ಅಲ್ಲಿ ಬಹುಕಾಲ ಬಗೆಹರಿಯದ ಜಗಳವಾಗಿತ್ತು. ಮೊದಲು ತಲುಪಿದವರದೆಂದು ಕೆಲವರು, ಎಲ್ಲರದೆಂದು ಇನ್ನು ಕೆಲವರು. ನಾನೂರು ವರ್ಷಗಳ ಹಿಂದಿನ ವ್ಯಾಜ್ಯವೇ ಹೊಸ ಸರಕಿನೊಂದಿಗೆ ಮರಳಿತ್ತು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಮೀನು ಮೊಟ್ಟೆಯಿಟ್ಟು ಮರಿ ಮಾಡಲೆಂದು ಕೊಟ್ಟ ಬಿಡುವು ಅದು. ಕಡಲು ಎಲ್ಲರದು ಎನ್ನುವುದು ಸುಲಭ. ಎಲ್ಲರದಾಗಿ ಉಳಿಯಬೇಕಾದರೆ ಯಾರು, ಎಷ್ಟು ದಿನ, ದೋಣಿ ಇಳಿಸದೆ ಕಾಯಬೇಕು ಎಂಬುದನ್ನು ಗ್ರೋಶಿಯಸ್ ಬರೆಯಲಿಲ್ಲ. ಅವನ ಕಕ್ಷಿದಾರರು ಅದನ್ನು ಕೇಳಿರಲೂ ಇಲ್ಲ.