ಆರಮಾರದಿಂದ ಕಮಾಂಡೋಗೆ

ಪುಣೆಯ ಸದಾಶಿವ ಪೇಠದಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. 1910ರಲ್ಲಿ ಇತಿಹಾಸಾಚಾರ್ಯ ರಾಜವಾಡೆಯವರು ಕಟ್ಟಿದ ಸಂಸ್ಥೆ. ಮೋಡಿ ಲಿಪಿಯ ಹಳೆಯ ಕಾಗದಗಳ ದೊಡ್ಡ ಭಂಡಾರ. ಆ ಕಾಗದಗಳ ಕಾಲದ, ಅಂದರೆ ಮರಾಠರ ಕಾಲದ ನೌಕಾಪಡೆಗೆ ಪುಣೆಯವರು ಹೇಳುವ ಮಾತು 'ಆರಮಾರ'. ಕೇಳಲು ಅಪ್ಪಟ ಮರಾಠಿ, ಹುಟ್ಟಿನಿಂದ ಪೋರ್ಚುಗೀಸರ 'ಅರ್ಮಾದಾ'. ಗೋವೆಯ ಪೋರ್ಚುಗೀಸರೊಡನೆ ಕಾದಾಡುತ್ತಲೇ ಮರಾಠರು ಅವರ ಮಾತನ್ನು ಮನೆಮಾತು ಮಾಡಿಕೊಂಡರು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಸಮುದ್ರದ ದಾರಿಯಲ್ಲಿ ಬಂದು ನಮ್ಮ ಬಸರೂರನ್ನು ಸೂರೆಗೊಂಡದ್ದು ಈ ಆರಮಾರದ ಬಲದಿಂದ. 1756ರಲ್ಲಿ ಮರಾಠರ ಕಡಲಪಡೆಯ ಸರದಾರ ತುಳಾಜಿ ಆಂಗ್ರೆಯ ಮೇಲಿನ ಹಗೆಗೆ ಪುಣೆಯ ಪೇಶ್ವೆ ನಾನಾಸಾಹೇಬ ಇಂಗ್ಲಿಷರ ಜೊತೆ ಸೇರಿದ. ವಿಜಯದುರ್ಗದಲ್ಲಿ ಆಂಗ್ರೆಯ ಹಡಗುಗಳು ಉರಿದುಹೋದವು. ಪುಣೆ ತನ್ನ ಕಡಲ ತೋಳನ್ನು ತಾನೇ ಕಡಿದುಕೊಂಡಿತು ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಈಗಿನ ಪಡೆಗೆ ಮರಾಠಿಗರು 'ನೌದಲ' ಅನ್ನುತ್ತಾರೆ; ಆರಮಾರ ಇತಿಹಾಸಕ್ಕೆ ಸಂದಿತು.

ಅದೇ ಪೋರ್ಚುಗೀಸಿನ ಇನ್ನೊಂದು ಮಾತು ಲೋಕ ಸುತ್ತಿ ನಮ್ಮಲ್ಲಿಗೆ ಬಂತು. 'ಕೊಮಾಂದೋ' ಎಂದರೆ ಅಪ್ಪಣೆ, ಅಧಿಕಾರ. ಅದರ ಬೇರು ಲ್ಯಾಟಿನ್ನಿನಲ್ಲಿ, ಕೈಗೊಪ್ಪಿಸುವುದು ಎಂಬ ಅರ್ಥದಲ್ಲಿ. ದಕ್ಷಿಣ ಆಫ್ರಿಕದ ಡಚ್ ಮೂಲದ ರೈತರು, ಬೋಯರರು, ಅದನ್ನು ತಮ್ಮ ಊರಪಡೆಗೆ ಇಟ್ಟರು. ಸ್ವಂತ ಕುದುರೆ, ಸ್ವಂತ ಬಂದೂಕು, ತಾವೇ ಆರಿಸಿದ ನಾಯಕ. ಕರೆ ಬಂದಾಗ ಹೊಲ ಬಿಟ್ಟು ಹೊರಡುವವರು. 1899ರಿಂದ 1902ರವರೆಗೆ ಈ ರೈತರು ಬ್ರಿಟಿಷ್ ಸಾಮ್ರಾಜ್ಯವನ್ನು ಹಣ್ಣುಗಾಯಿ ಮಾಡಿದರು. ವರದಿಗಾರನಾಗಿ ಹೋಗಿದ್ದ ಚರ್ಚಿಲ್ ಅವರ ಕೈಗೇ ಸೆರೆಸಿಕ್ಕಿದ್ದ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ ಫ್ರಾನ್ಸಿನ ಡಂಕರ್ಕ್‌ನಿಂದ ಹಿಮ್ಮೆಟ್ಟಿದ ಮೇಲೆ ಬ್ರಿಟಿಷರಿಗೆ ಜರ್ಮನರ ಹಿಡಿತದ ಕರಾವಳಿಗೆ ನುಗ್ಗಿ ಬರುವ ತುಕಡಿಗಳು ಬೇಕಾದವು. ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಡಡ್ಲಿ ಕ್ಲಾರ್ಕ್ ಎಂಬ ಅಧಿಕಾರಿ ಹಳೆಯ ಶತ್ರುಗಳಾದ ಬೋಯರರ ಆ ಹೆಸರನ್ನೇ ಸೂಚಿಸಿದ.

ಬೋಯರರಿಗೆ ಕಮಾಂಡೋ ಎಂದರೆ ಇಡೀ ಪಡೆ. ಒಬ್ಬಾತನನ್ನು ಹಾಗೆ ಕರೆಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ ಅರ್ಥ ಪಡೆಯಿಂದ ಜಾರಿ ಆಳಿನ ಮೇಲೆ ಕೂತಿತು. ಕನ್ನಡಕ್ಕೆ ಬಂದದ್ದು ಆಳಿನ ಅರ್ಥವೇ. ಅದಕ್ಕೇ ನಾವು 'ಕಮಾಂಡೋ ಪಡೆ' ಎಂದು ಬಿಡಿಸಿ ಹೇಳಬೇಕಾಗುತ್ತದೆ. ಬೆಳಗಾವಿಯವರಿಗೆ ಈ ಮಾತು ಹೊಸದಲ್ಲ, ಸೇನೆಯ ಕಮಾಂಡೋ ತರಬೇತಿ ಅವರ ಊರಿನಲ್ಲೇ ನಡೆಯುತ್ತದೆ.

ಭಾರತೀಯ ನೌಕಾಪಡೆಯ ವಿಶೇಷ ದಳ ಹುಟ್ಟಿದ್ದು 1987ರಲ್ಲಿ. 1991ರಲ್ಲಿ ಅದಕ್ಕೆ ಮರೀನ್ ಕಮಾಂಡೋ ಫೋರ್ಸ್ ಎಂದು ಹೆಸರಾಯಿತು. ಬಾಯಲ್ಲಿ ಉಳಿದದ್ದು 'ಮಾರ್ಕೋಸ್'. ಸದಾಶಿವ ಪೇಠದ ಅಭ್ಯಾಸಿಕೆಗಳಲ್ಲಿ, ಅಂದರೆ ಬಾಡಿಗೆಯ ಓದುಕೋಣೆಗಳಲ್ಲಿ, ಸ್ಪರ್ಧಾ ಪರೀಕ್ಷೆಗೆ ಕೂತ ಹುಡುಗರಿಗೆ ನಾನು ಒತ್ತಿ ಹೇಳಬೇಕೆನಿಸುವುದು ಇಷ್ಟು: ಮಾರ್ಕೋಸ್‌ಗೆ ನೇರ ಭರ್ತಿ ಇಲ್ಲ. ಮೊದಲು ನೌಕಾಪಡೆಯ ನಾವಿಕನೋ ಅಧಿಕಾರಿಯೋ ಆಗಬೇಕು. ಅಧಿಕಾರಿಯಾಗಲು ಒಂದು ಬಾಗಿಲು ಪುಣೆಯ ಮಗ್ಗುಲಲ್ಲೇ ಇದೆ, ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಆಮೇಲೆ ತಾನಾಗಿ ಮುಂದೆ ಬರಬೇಕು, ಯಾರೂ ದೂಡುವುದಿಲ್ಲ. ಮೊದಲ ಸೋಸುವಿಕೆಯಲ್ಲೇ ಬಹುಪಾಲು ಮಂದಿ ಉದುರುತ್ತಾರೆ. ಉಳಿದವರಿಗೆ ಮುಂಬಯಿಯ ನೆಲೆ ಐಎನ್‌ಎಸ್ ಅಭಿಮನ್ಯುವಿನಲ್ಲಿ ಪಳಗುವ ಕೆಲಸ, ಆಗ್ರಾದಲ್ಲಿ ಪ್ಯಾರಾಚೂಟ್ ಜಿಗಿತ, ಕೊಚ್ಚಿಯಲ್ಲಿ ಮುಳುಗುವ ವಿದ್ಯೆ. ವಿಶಾಖಪಟ್ಟಣದ ನೆಲೆಯ ಹೆಸರು ಐಎನ್‌ಎಸ್ ಕರ್ಣ. ಪಂಪನನ್ನು ಓದಿದ ಕನ್ನಡಿಗರಿಗೆ ಆ ಹೆಸರಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಕೈಗೊಪ್ಪಿಸುವುದು ಎಂಬ ಬೇರಿನ ಅರ್ಥ ನನಗೆ ಕಣ್ಣಿಗೆ ಕಟ್ಟಿದ್ದು 2024ರ ಮಾರ್ಚ್ 16ರ ಸುದ್ದಿಯಲ್ಲಿ. ಸೊಮಾಲಿಯದ ಕಡಲ್ಗಳ್ಳರು ಹಿಡಿದಿಟ್ಟಿದ್ದ 'ರುಯೆನ್' ಹಡಗು ನಮ್ಮ ತೀರದಿಂದ ಸುಮಾರು 2600 ಕಿಲೋಮೀಟರ್ ದೂರದಲ್ಲಿತ್ತು. ವಾಯುಪಡೆಯ ಸಿ-17 ವಿಮಾನ ರಬ್ಬರ್ ದೋಣಿಗಳನ್ನೂ ಮಾರ್ಕೋಸ್ ಯೋಧರನ್ನೂ ಕಡಲಿಗೆ ಇಳಿಸಿತು. 35 ಕಳ್ಳರು ಶರಣಾದರು. ಒತ್ತೆಯಲ್ಲಿದ್ದ 17 ನಾವಿಕರ ಜೀವವನ್ನು ಆ ಯೋಧರ ಕೈಗೆ ಒಪ್ಪಿಸಿದಂತಾಗಿತ್ತು; ಅವರೆಲ್ಲ ಗಾಯವಿಲ್ಲದೆ ಉಳಿದರು.

ಅಂಥ ಸುದ್ದಿ ಓದಿದವರ ಬಾಯಲ್ಲಿ 'ಮಾರ್ಕೋಸ್‌ಗಳು' ಎಂಬ ರೂಪ ಬರುತ್ತದೆ. ಇಂಗ್ಲಿಷಿನ ಬಹುವಚನ ಅದರಲ್ಲೇ ಅಡಗಿದೆ, ಮತ್ತೆ 'ಗಳು' ಯಾಕೆ ಎಂದು ತಿದ್ದುವವರಿದ್ದಾರೆ. ನಾನು ತಿದ್ದುವುದಿಲ್ಲ. ಪೋರ್ಚುಗೀಸರ ಅರ್ಮಾದಾ ಮರಾಠಿಯಲ್ಲಿ ಆರಮಾರವಾದದ್ದೂ ಹೀಗೆಯೇ.